ಸಂಖ್ಯೆ ಯಾರದು, ಎಕ್ಸ್‌ಚೇಂಜ್ ಎಲ್ಲಿ: ಸಣ್ಣ ಉದ್ದಿಮೆಗೆ ಇಂಟರ್‌ನೆಟ್ ಫೋನ್ ಆರಿಸುವ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಎಂಟು-ಹತ್ತು ಜನ ಕೆಲಸ ಮಾಡುವ ಯಾವ ಮಷೀನ್ ಶಾಪಿಗೆ ಹೋದರೂ ಫೋನಿನ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಬೋರ್ಡಿನ ಮೇಲೆ 0831ರಿಂದ ಶುರುವಾಗುವ ಒಂದು ಲ್ಯಾಂಡ್‌ಲೈನ್ ಸಂಖ್ಯೆ, ಗೋಡೆಗೆ ಬಡಿದ ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆ (ಕಚೇರಿಯ ಫೋನುಗಳನ್ನು ಒಂದಕ್ಕೊಂದು ಮತ್ತು ಹೊರಗಿನ ಲೈನಿಗೆ ಜೋಡಿಸುವ ಎಕ್ಸ್‌ಚೇಂಜ್), ಅದರಿಂದ ಸ್ಟೋರಿಗೂ ಅಕೌಂಟ್ಸಿಗೂ ಎಳೆದ ಇಂಟರ್‌ಕಾಮ್ ತಂತಿ ಇವೆಲ್ಲ ಇದ್ದರೂ ನಿಜವಾದ ವ್ಯವಹಾರ ನಡೆಯುವುದು ಮಾಲೀಕರ ಮತ್ತು ಮಾರಾಟದ ಹುಡುಗರ ಸ್ವಂತ ಮೊಬೈಲಿನಲ್ಲಿ. ಆ ಹುಡುಗ ಕೆಲಸ ಬಿಟ್ಟು ಪಕ್ಕದ ಶೆಡ್ಡಿಗೆ ಸೇರಿದ ದಿನ ಕೊಲ್ಹಾಪುರ, ಪುಣೆಯ ಗಿರಾಕಿಗಳ ಕರೆಗಳೂ ಅವನ ಹಿಂದೆಯೇ ಹೊರಟುಬಿಡುತ್ತವೆ. ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವವರದೂ, ಗುಳೇದಗುಡ್ಡದಲ್ಲಿ ಖಣ ಮಾರುವವರದೂ, ಇಳಕಲ್ಲಿನ ಸೀರೆ ಅಂಗಡಿಯವರದೂ ಇದೇ ಪಾಡು. ಕಂಪ್ಯೂಟರಿನ ತಂತ್ರಾಂಶವನ್ನೇ ಎಕ್ಸ್‌ಚೇಂಜ್ ಆಗಿ ಬಳಸುವ ಇಂಟರ್‌ನೆಟ್ ಫೋನ್ ವ್ಯವಸ್ಥೆಯ ಬಗ್ಗೆ ಸಣ್ಣ ಉದ್ದಿಮೆಗಳು ವಿಚಾರಿಸತೊಡಗಿರುವುದಕ್ಕೆ ಕರೆಯ ದರಕ್ಕಿಂತ ಇದು ದೊಡ್ಡ ಕಾರಣ, ಏಕೆಂದರೆ ಕರೆಯ ದರ ಮೊಬೈಲಿನಲ್ಲಿ ಈಗಾಗಲೇ ಅಗ್ಗವಾಗಿದೆ.

ವಿಚಾರಿಸುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ಸಾಫ್ಟ್‌ವೇರ್ ಎಲ್ಲಕ್ಕಿಂತ ಸುಲಭ ಎಂಬುದು. ಈ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಮೊದಲು ತೀರ್ಮಾನವಾಗಬೇಕಾದದ್ದು ಸಂಖ್ಯೆಯನ್ನು ಯಾರಿಂದ ಪಡೆಯುವುದು, ಎಕ್ಸ್‌ಚೇಂಜನ್ನು ಎಲ್ಲಿ ಇರಿಸುವುದು, ಅದಕ್ಕೆ ಬೇಕಾದ ಇಂಟರ್‌ನೆಟ್ ಮತ್ತು ವಿದ್ಯುತ್ ನಮ್ಮಲ್ಲಿ ನಿಜವಾಗಿ ಇದೆಯೇ ಎಂಬುದು. ಇವು ಗೊತ್ತಾದ ಮೇಲೆ ಸಾಫ್ಟ್‌ವೇರಿನ ಹೆಸರು ಎರಡು-ಮೂರಕ್ಕೆ ತಾನಾಗಿಯೇ ಇಳಿಯುತ್ತದೆ. ಇನ್ನು 'ಸುಲಭ' ಎಂಬ ಮಾತನ್ನು ಸ್ಥಾಪನೆಯ ದಿನದಿಂದ ಅಳೆಯುವುದು ತಪ್ಪು ಲೆಕ್ಕ. ಸ್ಥಾಪನೆ ಒಮ್ಮೆ ಮಾತ್ರ ಆಗುತ್ತದೆ ಮತ್ತು ಅದನ್ನು ಮಾಡುವವನು ಹೊರಗಿನವನು. ಹೊಸಬನೊಬ್ಬ ಕೆಲಸಕ್ಕೆ ಸೇರಿದಾಗ ಎಕ್ಸ್‌ಟೆನ್ಶನ್, ಅಂದರೆ ಕಚೇರಿಯೊಳಗಿನ ಫೋನ್ ಸಂಖ್ಯೆ, ಕೊಡುವುದು, ಗಣೇಶೋತ್ಸವದ ರಜೆಗೆ ಕರೆ ಬಂದರೆ ಏನು ಹೇಳಬೇಕೆಂದು ಬದಲಿಸುವುದು, ಡಿಸ್ಪ್ಯಾಚಿನವರು ಊರಲ್ಲಿಲ್ಲದ ವಾರ ಅವರ ಕರೆಯನ್ನು ಬೇರೆಯವರಿಗೆ ತಿರುಗಿಸುವುದು, ಇವು ತಿಂಗಳಿಗೆ ಹಲವು ಸಲ ಬರುವ ಕೆಲಸಗಳು. ಟ್ಯಾಲಿ ಬಳಸಬಲ್ಲ ಅಕೌಂಟೆಂಟ್ ಒಬ್ಬರು ಯಾರಿಗೂ ಫೋನ್ ಮಾಡದೆ ಈ ಮೂರನ್ನು ತಾವೇ ಮಾಡಲು ಸಾಧ್ಯವಾದರೆ ಆ ವ್ಯವಸ್ಥೆ ಸುಲಭವಾದದ್ದು. ಸಾಧ್ಯವಾಗದಿದ್ದರೆ ಅದರ ಜಾಹೀರಾತು ಏನೇ ಹೇಳಲಿ, ಅದು ಕಷ್ಟದ್ದೇ.

ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪವಾದರೂ ತಿಳಿದಿದ್ದರೆ ಮಾರಾಟಗಾರರ ಮಾತನ್ನು ಅಳೆಯಲು ಅನುಕೂಲ. ಹಳೆಯ ಪೆಟ್ಟಿಗೆಯಲ್ಲಿ ಪ್ರತಿ ಫೋನಿಗೂ ಒಂದು ಜೋಡಿ ತಾಮ್ರದ ತಂತಿ, ಎಂಟು ಫೋನಿಗೆ ಒಂದು ಕಾರ್ಡ್, ಒಂಬತ್ತನೆಯ ಫೋನ್ ಬೇಕೆಂದರೆ ಇನ್ನೊಂದು ಕಾರ್ಡ್. ಹೊಸ ವ್ಯವಸ್ಥೆಯಲ್ಲಿ ಎಕ್ಸ್‌ಟೆನ್ಶನ್ ಎಂದರೆ ಒಂದು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಮಾತ್ರ. ಮೇಜಿನ ಮೇಲಿನ ಐಪಿ ಫೋನ್ ಆಗಲಿ, ಕಂಪ್ಯೂಟರಿನಲ್ಲಿರುವ ಸಾಫ್ಟ್‌ಫೋನ್ ಆಗಲಿ, ಬಾಗಲಕೋಟೆಯ ನವನಗರದಲ್ಲಿ ತಿರುಗಾಡುತ್ತಿರುವ ಮಾರಾಟದವರ ಮೊಬೈಲ್ ಆ್ಯಪ್ ಆಗಲಿ, ಆ ಹೆಸರಿನಿಂದ ಎಕ್ಸ್‌ಚೇಂಜಿಗೆ ನೋಂದಾಯಿಸಿಕೊಂಡರೆ ಅದೇ ಎಕ್ಸ್‌ಟೆನ್ಶನ್ ಆಗುತ್ತದೆ. ಯಾವ ಸಂಖ್ಯೆ ಒತ್ತಿದರೆ ಕರೆ ಎಲ್ಲಿಗೆ ಹೋಗಬೇಕು ಎಂಬ ನಿಯಮಗಳ ಪಟ್ಟಿಗೆ ಡಯಲ್ ಪ್ಲ್ಯಾನ್ ಎಂದು ಹೆಸರು, ಮತ್ತು ಎಕ್ಸ್‌ಚೇಂಜ್ ಎಂಬುದು ಹೆಚ್ಚಿನ ಮಟ್ಟಿಗೆ ಈ ಪಟ್ಟಿಯೇ.

ಇಲ್ಲಿ ಎರಡು ಬಗೆಯ ಸಂಚಾರವಿದೆ ಎಂಬುದು ಮುಖ್ಯ. ಯಾರು ಯಾರನ್ನು ಕರೆಯುತ್ತಿದ್ದಾರೆ, ಫೋನ್ ಎತ್ತಿದರೇ, ಇಟ್ಟರೇ ಎಂಬ ಮಾತುಕತೆಯನ್ನು ನಡೆಸುವುದು ಸಿಪ್ ಎಂಬ ನಿಯಮಾವಳಿ. ಇಂದು ಬಳಕೆಯಲ್ಲಿರುವ ಅದರ ರೂಪ 2002ರಲ್ಲಿ ಪ್ರಕಟವಾದದ್ದು. ಧ್ವನಿಯನ್ನು ಸಾಗಿಸುವುದು ಆರ್‌ಟಿಪಿ ಎಂಬ ಬೇರೆಯೇ ನಿಯಮಾವಳಿ. ಎಪಿಎಂಸಿಯ ದಲ್ಲಾಳಿ ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿ ದರ ಕುದುರಿಸುತ್ತಾನೆ, ಮಾಲು ಮಾತ್ರ ಕೋಲ್ಡ್ ಸ್ಟೋರೇಜಿನಿಂದ ಬೇರೆ ದಾರಿಯಲ್ಲಿ ಲಾರಿ ಹತ್ತುತ್ತದೆ. ಸಿಪ್ ಮತ್ತು ಆರ್‌ಟಿಪಿಗಳ ನಂಟೂ ಹಾಗೆಯೇ. ಇಂಟರ್‌ನೆಟ್ ಫೋನಿನ ಅತಿ ಸಾಮಾನ್ಯ ದೂರು, ಅಂದರೆ ರಿಂಗ್ ಆಗುತ್ತದೆ, ಎತ್ತಿದರೆ ಒಂದು ಕಡೆಯ ಧ್ವನಿ ಕೇಳುವುದೇ ಇಲ್ಲ ಎಂಬ ದೂರು, ಇದರಿಂದಲೇ ಅರ್ಥವಾಗುತ್ತದೆ. ಸಿಪ್ ದಾಟಿ ಬಂದಿದೆ, ಆರ್‌ಟಿಪಿ ರೌಟರಿನಲ್ಲಿ ಸಿಕ್ಕಿಬಿದ್ದಿದೆ. ಬಹಳಷ್ಟು ರೌಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಒಂದು ಆಯ್ಕೆ ಇರುತ್ತದೆ. ಸಹಾಯ ಮಾಡಲೆಂದು ಇಟ್ಟ ಈ ಸೌಲಭ್ಯ ಸಿಪ್ ಸಂದೇಶಗಳಲ್ಲಿರುವ ವಿಳಾಸಗಳನ್ನು ತಿದ್ದಲು ಹೋಗಿ ಕೆಡಿಸುವುದೇ ಹೆಚ್ಚು. ಧ್ವನಿಯ ದೂರು ಬಂದಾಗ ಬೇರೇನನ್ನೂ ಮುಟ್ಟುವ ಮುನ್ನ ಅದನ್ನು ಆಫ್ ಮಾಡಿ ನೋಡುವುದು ಒಳ್ಳೆಯ ಅಭ್ಯಾಸ.

ಈಗ ಸಂಖ್ಯೆಯ ಮಾತು. ಮೂವತ್ತು ವರ್ಷದಿಂದ ಬಿಲ್ ಬುಕ್ಕಿನ ಮೇಲೂ, ಟೆಂಪೋದ ಬಾಗಿಲ ಮೇಲೂ ಇರುವ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಹೊಸ ವ್ಯವಸ್ಥೆಗೆ ಒಯ್ಯಬಹುದು ಎಂದುಕೊಂಡು ಹಲವರು ಹೊರಡುತ್ತಾರೆ. ಮೊಬೈಲ್ ಸಂಖ್ಯೆಯನ್ನು ಕಂಪನಿಯಿಂದ ಕಂಪನಿಗೆ ಒಯ್ಯುವ ಅನುಕೂಲ 2011ರ ಜನವರಿಯಿಂದ ದೇಶದಾದ್ಯಂತ ಇದೆ, ಸ್ಥಿರ ದೂರವಾಣಿ ಸಂಖ್ಯೆಗೆ ಅಂಥ ಅನುಕೂಲವಿಲ್ಲ. ಹೀಗಾಗಿ ಹಳೆಯ ಸಂಖ್ಯೆ ಬೇಕೆಂದರೆ ಹಳೆಯ ಕಂಪನಿಯ ಸಂಪರ್ಕವನ್ನು ಉಳಿಸಿಕೊಳ್ಳಲೇಬೇಕು. ಅದನ್ನು ಹೊಸ ಎಕ್ಸ್‌ಚೇಂಜಿಗೆ ಜೋಡಿಸುವ ದಾರಿಗಳು ಮೂರು. ಆ ಕಂಪನಿಯೇ ಇಂಟರ್‌ನೆಟ್ ಮೂಲಕ ಹೊರಸಂಪರ್ಕ (ಸಿಪ್ ಟ್ರಂಕ್) ಕೊಟ್ಟು ಅದೇ ಸಂಖ್ಯೆಯನ್ನು ಅದರ ಮೇಲೆ ಒದಗಿಸುವುದಾದರೆ ಅದು ಎಲ್ಲಕ್ಕಿಂತ ಚೊಕ್ಕ. ಆಗದಿದ್ದರೆ ಎಫ್‌ಎಕ್ಸ್‌ಒ ಗೇಟ್‌ವೇ ಎಂಬ ಪುಟ್ಟ ಪೆಟ್ಟಿಗೆಗೆ ಆ ಲೈನನ್ನು ಚುಚ್ಚಿ, ಬಂದ ಕರೆಯನ್ನು ಸಿಪ್ ಆಗಿ ಪರಿವರ್ತಿಸಿಕೊಳ್ಳಬಹುದು. ಈಗ ಫೈಬರ್ ಸಂಪರ್ಕದ ಮೋಡೆಮಿನ ಹಿಂದೆ ಇರುವ ಫೋನ್ ಕಿಂಡಿಯನ್ನೂ ಇದೇ ರೀತಿ ಜೋಡಿಸಲಾಗುತ್ತದೆ. ಇದೂ ಬೇಡವಾದರೆ ಹಳೆಯ ಸಂಖ್ಯೆಗೆ ಕಾಲ್ ಫಾರ್ವರ್ಡ್ ಹಾಕಿ ಹೊಸ ಸಂಖ್ಯೆಗೆ ತಿರುಗಿಸುವುದು, ಆದರೆ ತಿರುಗಿದ ಪ್ರತಿ ಕರೆಯ ವೆಚ್ಚವೂ ನಿಮ್ಮ ತಲೆಗೇ ಬರುವ ಸಂಭವವಿರುವುದರಿಂದ ಪ್ಲ್ಯಾನನ್ನು ಓದಿಕೊಳ್ಳಬೇಕು. ಎಫ್‌ಎಕ್ಸ್‌ಒ ಮತ್ತು ಎಫ್‌ಎಕ್ಸ್‌ಎಸ್ ಎಂಬೆರಡು ಹೆಸರುಗಳನ್ನು ಅಂಗಡಿಯವರೇ ಅದಲುಬದಲು ಮಾಡುವುದುಂಟು: ಕಂಪನಿಯ ಲೈನನ್ನು ಸ್ವೀಕರಿಸುವ ಕಿಂಡಿ ಎಫ್‌ಎಕ್ಸ್‌ಒ, ಹಳೆಯ ಮಾದರಿಯ ಫೋನಿಗೆ ಜೀವ ಕೊಡುವ ಕಿಂಡಿ ಎಫ್‌ಎಕ್ಸ್‌ಎಸ್.

ಸಿಪ್ ಟ್ರಂಕ್ ಎಂದರೆ ದೂರಸಂಪರ್ಕ ಕಂಪನಿ ಇಂಟರ್‌ನೆಟ್ ಮೂಲಕ ಕೊಡುವ ಹೊರಸಂಪರ್ಕ. ಅದನ್ನು ಚಾನೆಲ್ ಲೆಕ್ಕದಲ್ಲಿ ಮಾರುತ್ತಾರೆ; ಒಂದು ಚಾನೆಲ್ ಎಂದರೆ ಏಕಕಾಲಕ್ಕೆ ಹೊರಗಿನವರೊಡನೆ ಒಂದು ಮಾತು. ಎಂಟು ಎಕ್ಸ್‌ಟೆನ್ಶನ್ ಇದ್ದರೆ ಎಂಟು ಚಾನೆಲ್ ಬೇಕು ಎಂದು ಹೇಳುವ ಮಾರಾಟಗಾರರಿದ್ದಾರೆ. ಹಾಗೇನೂ ಇಲ್ಲ, ಏಕೆಂದರೆ ಒಳಗೊಳಗಿನ ಕರೆಗಳಿಗೆ ಚಾನೆಲ್ ಬೇಕಿಲ್ಲ, ಹೊರಗಿನ ಕರೆಗಳು ಎಲ್ಲರಿಗೂ ಒಟ್ಟಿಗೆ ಬರುವುದೂ ಅಪರೂಪ. ಈ ಲೆಕ್ಕವನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದಾಗ ನೂರು ವರ್ಷಕ್ಕೂ ಹಿಂದೆಯೇ ಹಾಕಿಕೊಟ್ಟಿದ್ದಾರೆ. ದಿನದ ಅತಿ ಗಡಿಬಿಡಿಯ ಗಂಟೆಯಲ್ಲಿ 30 ಕರೆಗಳು, ಪ್ರತಿಯೊಂದೂ ಸರಾಸರಿ 3 ನಿಮಿಷ ಎಂದುಕೊಂಡರೆ ಒಟ್ಟು 90 ನಿಮಿಷದ ಮಾತು. ಅದನ್ನು 60ರಿಂದ ಭಾಗಿಸಿದಾಗ ಬರುವ 1.5 ಎಂಬುದು ಆ ಕಚೇರಿಯ ಹೊರೆ. ಆತನ ಸೂತ್ರದ ಪ್ರಕಾರ ಇಷ್ಟು ಹೊರೆಗೆ 3 ಚಾನೆಲ್ ಇಟ್ಟರೆ ನೂರಕ್ಕೆ ಸುಮಾರು 13 ಕರೆಗಳಿಗೆ ಬಿಝಿ ಸದ್ದು ಕೇಳುತ್ತದೆ, 4 ಇಟ್ಟರೆ ಸುಮಾರು 5ಕ್ಕೆ, 5 ಇಟ್ಟರೆ ಒಂದೂವರೆಗಿಂತ ಕಡಿಮೆ. ಎಂದರೆ ಮೂರರಿಂದ ನಾಲ್ಕಕ್ಕೆ ಏರಿಸಲು ಕೊಡುವ ಹಣ ಸಾರ್ಥಕ, ಐದರಿಂದ ಎಂಟಕ್ಕೆ ಏರಿಸಲು ಕೊಡುವುದು ಹೆಚ್ಚಿನ ದಿನಗಳಲ್ಲಿ ವ್ಯರ್ಥ. ಒಂದು ವಾರದ ಕರೆಗಳನ್ನು ಕಾಗದದ ಮೇಲೆ ಗೀಚಿಟ್ಟರೂ ಸಾಕು, ಈ ಲೆಕ್ಕ ಯಾರಾದರೂ ಹಾಕಬಹುದು.

ಭಾರತದ ಸಂಖ್ಯೆಗಳಿಗೆ ಇಂಟರ್‌ನೆಟ್ ಮೂಲಕ ಕರೆ ಮುಟ್ಟಿಸುವ ಕೆಲಸ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆದವರದು. ಹೊರದೇಶದ ಯಾವುದೋ ಜಾಲತಾಣ ಅಗ್ಗದ ದರ ತೋರಿಸಿತೆಂದು ಅದರ ಟ್ರಂಕನ್ನು ಇಲ್ಲಿ ಜೋಡಿಸಬಾರದು. ಸಿಮ್ ಕಾರ್ಡ್ ಹಾಕುವ ಗೇಟ್‌ವೇಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಿಮ್ ಕೊಟ್ಟ ಕಂಪನಿ ಅಂಥ ಬಳಕೆಗೆ ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳದೆ ಅದನ್ನು ಕೊಳ್ಳುವುದು ಬೇಡ, ಮತ್ತು ಹೊರಗಿನವರ ಕರೆಗಳನ್ನು ತಮ್ಮ ಪೆಟ್ಟಿಗೆಯ ಮೂಲಕ ಹಾಯಿಸಲು ಯಾರಾದರೂ ಹಣದ ಆಸೆ ತೋರಿಸಿದರೆ ಅದು ಸಿಮ್ ಬಾಕ್ಸ್ ದಂಧೆ, ಪೊಲೀಸರು ಬಾಗಿಲಿಗೆ ಬರುವ ಕೆಲಸ.

ಎಕ್ಸ್‌ಚೇಂಜ್ ಎಲ್ಲಿರಬೇಕು ಎಂಬುದು ಇಡೀ ಆಯ್ಕೆಯ ನಡುಗಂಬ, ಇದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಒಂದು ದಾರಿಯಲ್ಲಿ ಅದು ನಿಮ್ಮದೇ ಕಚೇರಿಯ ಮೂಲೆಯಲ್ಲಿರುವ ಸಣ್ಣ ಕಂಪ್ಯೂಟರಿನಲ್ಲಿ ಅಥವಾ ಅದಕ್ಕೆಂದೇ ಮಾಡಿದ ಪೆಟ್ಟಿಗೆಯಲ್ಲಿ ಇರುತ್ತದೆ. ಇನ್ನೊಂದು ದಾರಿಯಲ್ಲಿ ಅದು ಸೇವಾ ಕಂಪನಿಯ ದತ್ತಾಂಶ ಕೇಂದ್ರದಲ್ಲಿರುತ್ತದೆ, ಅದನ್ನೇ ಕ್ಲೌಡ್ ಟೆಲಿಫೋನಿ ಎನ್ನುತ್ತಾರೆ. ಇವೆರಡರ ವ್ಯತ್ಯಾಸ ಮಾಮೂಲಿ ದಿನಗಳಲ್ಲಿ ಕಾಣುವುದೇ ಇಲ್ಲ. ಇಂಟರ್‌ನೆಟ್ ಕಡಿದ ದಿನ ಕಾಣುತ್ತದೆ. ರಸ್ತೆ ಅಗೆಯುವ ಜೆಸಿಬಿ ಫೈಬರನ್ನು ಕತ್ತರಿಸಿತು ಎಂದುಕೊಳ್ಳೋಣ. ಎಕ್ಸ್‌ಚೇಂಜ್ ಕಚೇರಿಯಲ್ಲೇ ಇದ್ದರೆ ಅಕೌಂಟ್ಸಿನಿಂದ ಶಾಪ್ ಫ್ಲೋರಿಗೆ, ಗೇಟಿನಿಂದ ಸ್ಟೋರಿಗೆ ಮಾತು ನಿಲ್ಲುವುದಿಲ್ಲ, ಆದರೆ ಪುಣೆಯಿಂದ ಕರೆ ಮಾಡಿದ ಗಿರಾಕಿಗೆ ನೀವು ಸಿಗುವುದಿಲ್ಲ ಎಂಬ ಸಂದೇಶವಷ್ಟೇ ಕೇಳುತ್ತದೆ. ಎಕ್ಸ್‌ಚೇಂಜ್ ಕ್ಲೌಡಿನಲ್ಲಿದ್ದರೆ ಇದು ತಲೆಕೆಳಗಾಗುತ್ತದೆ: ಪಕ್ಕದ ಕೋಣೆಯವರನ್ನು ಎದ್ದು ಹೋಗಿಯೇ ಕರೆಯಬೇಕು, ಗಿರಾಕಿಗೆ ಮಾತ್ರ ಎಂದಿನಂತೆ ಸ್ವಾಗತದ ಧ್ವನಿ ಕೇಳಿ, ಕರೆ ಮಾಲೀಕರ ಮೊಬೈಲಿಗೆ ತಿರುಗುತ್ತದೆ. ನಿಮ್ಮ ಉದ್ದಿಮೆಗೆ ಈ ಎರಡರಲ್ಲಿ ಯಾವ ನಷ್ಟ ದೊಡ್ಡದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಆಯ್ಕೆಯ ಅರ್ಧ ಮುಗಿಯಿತು. ದೊಡ್ಡ ಆವರಣದ ಫೌಂಡ್ರಿಗೆ, ಹಲವು ಕಟ್ಟಡಗಳಿರುವ ಆಸ್ಪತ್ರೆಗೆ, ಲಾಡ್ಜಿಗೆ ಒಳಗಿನ ಮಾತೇ ಮುಖ್ಯ. ಗಿರಾಕಿಯ ಆರ್ಡರಿನ ಮೇಲೆ ನಡೆಯುವ ಒಣದ್ರಾಕ್ಷಿ ವ್ಯಾಪಾರಕ್ಕೆ, ಟ್ರಾವೆಲ್ಸಿಗೆ, ಸೀರೆ ಅಂಗಡಿಗೆ ಹೊರಗಿನ ಮಾತೇ ಪ್ರಾಣ.

ಇನ್ನರ್ಧ ಇರುವುದು ವಿಳಾಸದಲ್ಲಿ. ನಮ್ಮ ಊರುಗಳ ಎಷ್ಟೋ ಇಂಟರ್‌ನೆಟ್ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಗಿರಾಕಿಗಳು ಹಂಚಿಕೊಂಡಿರುತ್ತಾರೆ. ಸಿಜಿನ್ಯಾಟ್ ಎಂದು ಈ ಪದ್ಧತಿಗೆ ಹೆಸರು. ಇದರಿಂದ ಯೂಟ್ಯೂಬ್ ನೋಡುವವರಿಗೆ ಏನೂ ತೊಂದರೆಯಿಲ್ಲ, ಆದರೆ ಕಚೇರಿಯೊಳಗೆ ಎಕ್ಸ್‌ಚೇಂಜ್ ಇಟ್ಟವರಿಗೆ ದೊಡ್ಡ ತೊಡಕು, ಏಕೆಂದರೆ ಬಾಗಲಕೋಟೆಯಲ್ಲಿರುವ ಮಾರಾಟದವರ ಆ್ಯಪ್ ಹೊರಗಿನಿಂದ ಒಳಕ್ಕೆ ಬಂದು ನೋಂದಾಯಿಸಿಕೊಳ್ಳಲು ಬಾಗಿಲೇ ಇರುವುದಿಲ್ಲ. ಆಗ ಸ್ಟ್ಯಾಟಿಕ್ ಐಪಿಗೆ, ಅಂದರೆ ನಿಮಗೊಬ್ಬರಿಗೇ ಮೀಸಲಾದ ಬದಲಾಗದ ವಿಳಾಸಕ್ಕೆ, ಪ್ರತ್ಯೇಕ ಹಣ ಕಟ್ಟಬೇಕು, ಇಲ್ಲವೇ ಎಕ್ಸ್‌ಚೇಂಜಿನ ಕಂಪನಿಯೇ ಕೊಡುವ ಮಧ್ಯವರ್ತಿ ಸರ್ವರ್ ಇಲ್ಲವೆ ವಿಪಿಎನ್ ಎಂಬ ಖಾಸಗಿ ದಾರಿ ಬಳಸಬೇಕು. ಕ್ಲೌಡಿನಲ್ಲಿ ಈ ತಲೆನೋವು ಇಲ್ಲ. ಕಚೇರಿಯ ಫೋನೂ ಹೊರಗಿನ ಫೋನೂ ಎರಡೂ ಒಂದೇ ರೀತಿ ಹೊರಕ್ಕೆ ಹೋಗಿ ನೋಂದಾಯಿಸಿಕೊಳ್ಳುತ್ತವೆ. ನನ್ನ ಅಭಿಪ್ರಾಯದಲ್ಲಿ ಹತ್ತಕ್ಕಿಂತ ಕಡಿಮೆ ಎಕ್ಸ್‌ಟೆನ್ಶನ್ ಇದ್ದು, ಇಬ್ಬರಾದರೂ ಹೊರಗೆ ತಿರುಗಾಡುವವರಿದ್ದು, ಇಂಥ ಎಕ್ಸ್‌ಚೇಂಜುಗಳು ಓಡುವ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಗೊತ್ತಿರುವ ಕೈ ಒಂದೂ ಇಲ್ಲದ ಉದ್ದಿಮೆ ಕ್ಲೌಡನ್ನೇ ಆರಿಸುವುದು ಲೇಸು. ಅದರ ಬಾಡಿಗೆ ತಿಂಗಳು ತಿಂಗಳೂ ಕಚ್ಚುತ್ತದೆ, ನಿಜ. ಆದರೆ ಕಚೇರಿಯ ಪೆಟ್ಟಿಗೆ ಕೆಟ್ಟಾಗ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಜನ ಬರುವವರೆಗೆ ಕಾಯುವ ಎರಡು ದಿನದ ಬೆಲೆಯನ್ನೂ ಅದೇ ತಕ್ಕಡಿಯಲ್ಲಿ ಇಡಬೇಕು.

ಇಂಟರ್‌ನೆಟ್ ಎಷ್ಟು ಬೇಕು ಎಂಬ ವಿಷಯದಲ್ಲಿ ಅನಗತ್ಯ ಭಯವಿದೆ. ಜಿ.711 ಎಂಬ ಸಾಮಾನ್ಯ ಧ್ವನಿ ಸಂಕೇತಕ್ಕೆ ಸೆಕೆಂಡಿಗೆ 64 ಕಿಲೋಬಿಟ್ ಬೇಕು, ಪ್ರತಿ ತುಣುಕಿಗೂ ಅಂಟಿಸುವ ವಿಳಾಸ ಮೊದಲಾದ ಹೊದಿಕೆಯ ಮಾಹಿತಿಯೂ ಸೇರಿ ಪ್ರತಿ ದಿಕ್ಕಿಗೆ ಸುಮಾರು 87 ಆಗುತ್ತದೆ. ಜಿ.729ರಲ್ಲಿ ಧ್ವನಿ ಕೇವಲ 8 ಕಿಲೋಬಿಟ್, ಆದರೆ ಹೊದಿಕೆ ಸೇರಿದರೆ ಸುಮಾರು 31. ಎಂದರೆ ಹತ್ತು ಜನ ಒಟ್ಟಿಗೆ ಮಾತನಾಡಿದರೂ ಒಂದು ಮೆಗಾಬಿಟ್ ತುಂಬುವುದಿಲ್ಲ. ತೊಂದರೆ ಬರುವುದು ವೇಗದಿಂದಲ್ಲ, ತಡವರಿಕೆಯಿಂದ. ಬಾಯಿಯಿಂದ ಕಿವಿಗೆ ಹೋಗುವ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಹಜವಾಗಿ ನಡೆಯುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಕಚೇರಿಯ ಸಿಸಿಟಿವಿ ಕ್ಯಾಮೆರಾಗಳು ದಿನವಿಡೀ ಕ್ಲೌಡಿಗೆ ದೃಶ್ಯ ಏರಿಸುತ್ತಿದ್ದರೆ, ಡಿಸೈನ್ ವಿಭಾಗದವರು ದೊಡ್ಡ ಡ್ರಾಯಿಂಗ್ ಫೈಲ್ ಮೇಲ್ ಮಾಡುತ್ತಿದ್ದರೆ, ಅಪ್‌ಲೋಡ್ ದಾರಿಯಲ್ಲಿ ಸಾಲು ನಿಂತು ಧ್ವನಿಯ ತುಣುಕುಗಳು ತಡವಾಗಿ, ಏರುಪೇರಾಗಿ ಹೊರಡುತ್ತವೆ. ಆಗ ನಿಮ್ಮ ಮಾತು ಗಿರಾಕಿಗೆ ತುಂಡುತುಂಡಾಗಿ ಕೇಳಿಸುತ್ತದೆ, ಅವರ ಮಾತು ನಿಮಗೆ ಸ್ಪಷ್ಟವಾಗಿಯೇ ಇರುತ್ತದೆ. ಹೀಗಾಗಿ ದೂರು ಅವರದು, ನಿಮಗೆ ಗೊತ್ತೇ ಆಗುವುದಿಲ್ಲ. ರೌಟರಿನಲ್ಲಿ ಕ್ಯೂಒಎಸ್ ಮೂಲಕ ಧ್ವನಿಗೆ ಮೊದಲ ದಾರಿ ಬಿಡಿಸುವುದು, ಮೇಜಿನ ಫೋನುಗಳನ್ನು ವೈ-ಫೈ ಬಿಟ್ಟು ಕೇಬಲ್ಲಿಗೆ ಜೋಡಿಸುವುದು, ಕ್ಯಾಮೆರಾಗಳ ಅಪ್‌ಲೋಡಿಗೆ ಮಿತಿ ಹಾಕುವುದು, ಈ ಮೂರರಿಂದ ಹೆಚ್ಚಿನ ತೊಂದರೆ ನೀಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಹಳೆಯ ತಾಮ್ರದ ಲ್ಯಾಂಡ್‌ಲೈನ್ ನಮ್ಮನ್ನು ಸೋಮಾರಿಗಳನ್ನಾಗಿ ಮಾಡಿತ್ತು. ಅದಕ್ಕೆ ಬೇಕಾದ 48 ವೋಲ್ಟ್ ದೂರವಾಣಿ ಕೇಂದ್ರದ ಬ್ಯಾಟರಿಯಿಂದಲೇ ಬರುತ್ತಿದ್ದುದರಿಂದ ಊರಿಗೆಲ್ಲ ಕರೆಂಟ್ ಹೋದರೂ ಫೋನ್ ಬದುಕಿರುತ್ತಿತ್ತು. ಇಂಟರ್‌ನೆಟ್ ಫೋನಿಗೆ ಹೆಸ್ಕಾಂ ಲೈನ್ ಹೋದ ಕ್ಷಣ ಫೈಬರ್ ಮೋಡೆಮ್, ರೌಟರ್, ಸ್ವಿಚ್, ಎಕ್ಸ್‌ಚೇಂಜ್, ಪ್ರತಿ ಮೇಜಿನ ಫೋನ್ ಎಲ್ಲಕ್ಕೂ ಬೇರೆ ಆಸರೆ ಬೇಕು, ಒಂದು ತಪ್ಪಿದರೂ ಸರಪಳಿ ಕಡಿಯುತ್ತದೆ. ಇದಕ್ಕೆ ಅಚ್ಚುಕಟ್ಟಾದ ಪರಿಹಾರ ಪಿಒಇ ಸ್ವಿಚ್: ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ತನ್ನೂ ಕಳಿಸುವ ಈ ಸ್ವಿಚ್ಚಿನ ಸಾಮಾನ್ಯ ಮಾದರಿ ಪ್ರತಿ ಕಿಂಡಿಗೆ 15.4 ವ್ಯಾಟ್ ವರೆಗೆ ಕೊಡಬಲ್ಲದು, ಸಾದಾ ಐಪಿ ಫೋನಿಗೆ ಅದರಲ್ಲಿ ಸ್ವಲ್ಪವೇ ಸಾಕು. ಆಗ ಸ್ವಿಚ್, ಮೋಡೆಮ್ ಮತ್ತು ರೌಟರುಗಳನ್ನು ಒಂದೇ ಕಡೆ ಇಟ್ಟು ಒಂದೇ ಯುಪಿಎಸ್ ಕೊಟ್ಟರೆ ಮೇಜುಗಳ ಮೇಲೆ ಅಡಾಪ್ಟರುಗಳ ಕಾಟವೂ ತಪ್ಪುತ್ತದೆ. ಇನ್ವರ್ಟರ್ ಇದ್ದವರು ಅದು ಲೈನಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ರೌಟರ್ ಮತ್ತೆ ಮೊದಲಿನಿಂದ ಶುರುವಾಗುತ್ತದೆಯೇ ಎಂದು ಒಮ್ಮೆ ಮೇನ್ ಸ್ವಿಚ್ ಇಳಿಸಿ ನೋಡಬೇಕು. ಶುರುವಾದರೆ ಪ್ರತಿ ಸಲವೂ ನಡೆಯುತ್ತಿದ್ದ ಕರೆಗಳು ಕಡಿದುಹೋಗುತ್ತವೆ.

ಇಷ್ಟಾದ ಮೇಲೆ ಸಾಫ್ಟ್‌ವೇರಿನ ಹೆಸರುಗಳಿಗೆ ಬರಬಹುದು. ಈ ಕ್ಷೇತ್ರದ ತಾಯಿಬೇರು ಆಸ್ಟರಿಸ್ಕ್. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಅಮೆರಿಕದ ವಿದ್ಯಾರ್ಥಿ ತನ್ನ ಸಣ್ಣ ಕಂಪನಿಗೆ ಎಕ್ಸ್‌ಚೇಂಜ್ ಕೊಳ್ಳುವ ಶಕ್ತಿಯಿಲ್ಲದೆ ತಾನೇ ಬರೆದುಕೊಂಡ ಮುಕ್ತ ತಂತ್ರಾಂಶವಿದು. ಅಗ್ಗದ ಪೆಟ್ಟಿಗೆಗಳ ಒಳಗೂ ಹಲವು ಕ್ಲೌಡ್ ಸೇವೆಗಳ ಒಳಗೂ ಇಂದು ಅದೇ ಓಡುತ್ತಿರುತ್ತದೆ. ಬರಿಯ ಆಸ್ಟರಿಸ್ಕ್ ಎಂದರೆ ಪಠ್ಯ ಕಡತಗಳಲ್ಲಿ ನಿಯಮ ಬರೆಯುವ ಕೆಲಸ, ಅದು ಸಣ್ಣ ಉದ್ದಿಮೆಯ ಮಾಲೀಕರಿಗೆ ಹೇಳಿದ್ದಲ್ಲ. ಅದರ ಮೇಲೆ ಬ್ರೌಸರಿನಲ್ಲಿ ತೆರೆಯುವ ಮುಖವನ್ನು ಹೊದಿಸಿದ್ದು ಫ್ರೀಪಿಬಿಎಕ್ಸ್. ಉಚಿತ, ಪ್ರಬಲ, ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಆದರೆ ಅದರ ಮೆನುಗಳಲ್ಲಿ ಸಣ್ಣ ಕಚೇರಿಗೆ ಎಂದೂ ಬೇಕಾಗದ ನೂರು ಆಯ್ಕೆಗಳಿವೆ, ಮತ್ತು ಅಪ್‌ಡೇಟ್ ಮಾಡುತ್ತ ಕಾಯುವವರೊಬ್ಬರು ಬೇಕೇ ಬೇಕು. 3ಸಿಎಕ್ಸ್ ಮೊದಲು ವಿಂಡೋಸಿನ ಮೇಲೆ ಓಡುವ ಎಕ್ಸ್‌ಚೇಂಜ್ ಎಂದೇ ಹೆಸರಾಗಿ, ಈಗ ಲಿನಕ್ಸಿನಲ್ಲೂ ಕ್ಲೌಡಿನಲ್ಲೂ ಸಿಗುತ್ತದೆ. ಕಲಿಯದವರೂ ಬಳಸಬಹುದಾದಷ್ಟು ಅದರ ಪರದೆ ಸರಳ. 2023ರ ಮಾರ್ಚಿನಲ್ಲಿ ಅದರ ಡೆಸ್ಕ್‌ಟಾಪ್ ಆ್ಯಪ್‌ನ ಅಧಿಕೃತ ಅಪ್‌ಡೇಟಿನೊಳಗೇ ದುರುದ್ದೇಶದ ಕೋಡ್ ನುಸುಳಿದ್ದು ದೊಡ್ಡ ಸುದ್ದಿಯಾಗಿತ್ತು ಎಂಬುದನ್ನೂ ತಿಳಿದಿರಬೇಕು, ಹೆದರಿ ಬಿಡಬೇಕೆಂದಲ್ಲ, ಹೆಸರುವಾಸಿಯಾದದ್ದಕ್ಕೂ ಹೀಗಾಗಬಹುದೆಂದು. ತಾವೇ ಪೆಟ್ಟಿಗೆ ಕಟ್ಟುವ ಉತ್ಸಾಹಿಗಳು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಫಲಕದ ಮೇಲೂ ಆಸ್ಟರಿಸ್ಕ್ ಓಡಿಸುತ್ತಾರೆ; ಹತ್ತು ಫೋನಿಗೆ ಅದರ ಶಕ್ತಿ ಸಾಕು, ಆದರೆ ಧ್ವನಿಮುದ್ರಣ ಬರೆದು ಬರೆದು ಅದರ ಎಸ್‌ಡಿ ಕಾರ್ಡ್ ಸವೆಯುತ್ತದೆ, ಎಸ್‌ಎಸ್‌ಡಿ ಹಾಕಿಕೊಳ್ಳಬೇಕು.

ಯಾವ ಹೆಸರನ್ನೇ ಆರಿಸಿ, ಮಾರಾಟಗಾರರು ತೋರಿಸುವ ಡೆಮೊ ನೋಡಿ ಒಪ್ಪಬಾರದು. ಮೊದಲಿಗೆ ಹೇಳಿದ ಆ ಮೂರು ಕೆಲಸಗಳನ್ನು ಮಾರಾಟಗಾರರ ಎದುರೇ ನಿಮ್ಮ ಅಕೌಂಟೆಂಟ್ ತಾವೇ ಮಾಡಿ ನೋಡಲಿ. ಶುಲ್ಕವನ್ನು ಎಕ್ಸ್‌ಟೆನ್ಶನ್ ಲೆಕ್ಕದಲ್ಲಿ ಹಾಕುತ್ತಾರೋ, ಏಕಕಾಲದ ಕರೆಗಳ ಲೆಕ್ಕದಲ್ಲೋ ಎಂದು ಕೇಳಿ, ಏಕೆಂದರೆ ಫೋನ್ ಹೆಚ್ಚು, ಮಾತು ಕಡಿಮೆ ಇರುವ ಕಾರ್ಖಾನೆಗೆ ಎರಡನೆಯದು ಅಗ್ಗ. ಸೇವೆ ಬಿಡುವ ದಿನ ಸಂಖ್ಯೆ ಯಾರ ಹೆಸರಿನಲ್ಲಿ ಉಳಿಯುತ್ತದೆ ಎಂಬುದನ್ನು ಕರಾರಿನಲ್ಲಿ ಹುಡುಕಿ. ಕ್ಲೌಡ್ ಕಂಪನಿ ತನ್ನ ಹೆಸರಿನ ಸಂಖ್ಯೆಯನ್ನು ನಿಮಗೆ ಬಾಡಿಗೆಗೆ ಕೊಟ್ಟಿದ್ದರೆ, ಮಾರಾಟದ ಹುಡುಗನ ಮೊಬೈಲಿನ ಕತೆಯೇ ಬೇರೆ ವೇಷದಲ್ಲಿ ಮರಳುತ್ತದೆ. ಮೊಬೈಲ್ ಆ್ಯಪ್ ಇದೆ ಎಂದರೆ, ಫೋನನ್ನು ಅರ್ಧ ಗಂಟೆ ಜೇಬಿನಲ್ಲಿ ಸುಮ್ಮನೆ ಇಟ್ಟ ಮೇಲೂ ಅದು ರಿಂಗ್ ಆಗುತ್ತದೆಯೇ ಎಂದು ನೋಡಿ, ಏಕೆಂದರೆ ಆಂಡ್ರಾಯ್ಡಿನ ಬ್ಯಾಟರಿ ಉಳಿತಾಯ ವ್ಯವಸ್ಥೆ ಇಂಥ ಆ್ಯಪ್‌ಗಳನ್ನು ಮಲಗಿಸಿಬಿಡುತ್ತದೆ.

ಭಾಷೆಯ ಪ್ರಶ್ನೆ ನಮ್ಮ ಭಾಗಕ್ಕೆ ವಿಶೇಷವಾದದ್ದು. ಬೆಳಗಾವಿಯ ಅಂಗಡಿಗೆ ಕರೆ ಮಾಡುವವರು ಗೋಕಾಕಿನವರಿರಬಹುದು, ಸಾಂಗ್ಲಿಯವರಿರಬಹುದು, ಗೋವಾದವರಿರಬಹುದು. ಕನ್ನಡಕ್ಕೆ ಒಂದು, ಮರಾಠಿಗೆ ಎರಡು, ಹಿಂದಿಗೆ ಮೂರು ಒತ್ತಿ ಎಂಬ ಮೆನು ಮಾಡುವುದು ಯಾವ ಸಾಫ್ಟ್‌ವೇರಿನಲ್ಲಾದರೂ ಕ್ಷಣದ ಕೆಲಸ. ತೊಡಕಿರುವುದು ಅದರಾಚೆ: ನೀವು ಸರದಿಯಲ್ಲಿ ಮೂರನೆಯವರು ಎಂಬಂಥ ಮಾತುಗಳನ್ನು ಯಂತ್ರ ತನ್ನ ಸಂಗ್ರಹದ ತುಣುಕುಗಳನ್ನು ಪೋಣಿಸಿ ಹೇಳುತ್ತದೆ, ಆಸ್ಟರಿಸ್ಕಿನ ಜೊತೆಗೆ ಬರುವ ಸಂಗ್ರಹದಲ್ಲಿ ಕನ್ನಡವಿಲ್ಲ. ಹೀಗಾಗಿ ಅಚ್ಚ ಕನ್ನಡದ ಸ್ವಾಗತದ ನಂತರ ಥಟ್ಟನೆ ಅಮೆರಿಕದ ಇಂಗ್ಲಿಷ್ ಕೇಳಿಬರುತ್ತದೆ. ಸರದಿಯ ಸಂಖ್ಯೆ ಹೇಳುವ ಆಯ್ಕೆಯನ್ನೇ ತೆಗೆದುಹಾಕಿ, ಸ್ವಲ್ಪ ತಾಳಿರಿ, ಈಗಲೇ ಜೋಡಿಸುತ್ತೇವೆ ಎಂಬ ಒಂದೇ ವಾಕ್ಯವನ್ನು ನಿಮ್ಮವರ ಧ್ವನಿಯಲ್ಲಿ ಇಡುವುದು ಉತ್ತಮ. 8 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಕಡತವಾಗಿ ಉಳಿಸಿಕೊಂಡರೆ ಹೆಚ್ಚಿನ ಎಕ್ಸ್‌ಚೇಂಜುಗಳು ಅದನ್ನು ಒಪ್ಪುತ್ತವೆ. ಮೆನು ಎರಡು ಮೆಟ್ಟಿಲಿಗಿಂತ ಆಳಕ್ಕೆ ಇಳಿಯಬಾರದು. ಲಾರಿಯಲ್ಲಿ ಕುಳಿತು ಲೋಡ್ ಎಲ್ಲಿ ಇಳಿಸಬೇಕೆಂದು ಕೇಳುವ ಡ್ರೈವರಿಗೆ ಮೂರನೆಯ ಮೆನು ಕೇಳುವ ತಾಳ್ಮೆ ಇರುವುದಿಲ್ಲ.

ಡಯಲ್ ಪ್ಲ್ಯಾನಿನಲ್ಲಿ ನಮ್ಮ ದೇಶದ ನಿಯಮಗಳು ಸರಿಯಾಗಿ ಕೂತಿವೆಯೇ ಎಂಬುದನ್ನು ನೋಡಬೇಕು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಸೇರಿಸುವುದು ಕಡ್ಡಾಯ. ಸಿಬ್ಬಂದಿ ಹತ್ತು ಅಂಕಿ ಒತ್ತಿದರೂ ಎಕ್ಸ್‌ಚೇಂಜೇ ಸೊನ್ನೆ ಸೇರಿಸುವಂತೆ ನಿಯಮ ಬರೆಸಿಕೊಳ್ಳಬಹುದು. ತುರ್ತು ಸಂಖ್ಯೆ 112ಕ್ಕೆ ಎಲ್ಲ ಎಕ್ಸ್‌ಟೆನ್ಶನ್‌ಗಳಿಂದಲೂ, ಹೊರಗಿನ ಲೈನಿಗೆ ಮೊದಲು ಒತ್ತುವ ಅಂಕಿಯಿಲ್ಲದೆಯೂ ಕರೆ ಹೋಗುತ್ತದೆಯೇ ಎಂದು ಸೇವಾ ಕಂಪನಿಯಿಂದ ಲಿಖಿತವಾಗಿ ತಿಳಿದುಕೊಳ್ಳಿ. ಜಾಹೀರಾತಿನ ಕರೆಗಳನ್ನು ಸಾಮಾನ್ಯ ಸಂಖ್ಯೆಯಿಂದ ಒಂದರ ಹಿಂದೆ ಒಂದರಂತೆ ಮಾಡಿದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿ ಮಾಡಿದ ನಿಯಮಗಳ ಪ್ರಕಾರ ಸಂಪರ್ಕವೇ ಕಡಿದುಹೋಗಬಹುದು.

ಕರೆಗಳನ್ನು ಧ್ವನಿಮುದ್ರಿಸುವ ಸೌಲಭ್ಯವನ್ನು ಎಲ್ಲರೂ ಕೇಳುತ್ತಾರೆ. ಮೇಲೆ ಹೇಳಿದ ವೇವ್ ಮಾದರಿಯಲ್ಲಿ ಒಂದು ನಿಮಿಷದ ಮಾತಿಗೆ ಸುಮಾರು ಒಂದು ಮೆಗಾಬೈಟ್ ಜಾಗ ಬೇಕು; ದಿನಕ್ಕೆ 300 ನಿಮಿಷ, ತಿಂಗಳಿಗೆ 25 ದಿನ ಎಂದರೆ ಏಳೂವರೆ ಗಿಗಾಬೈಟ್. ಜಾಗಕ್ಕಿಂತ ದೊಡ್ಡದು ಒಪ್ಪಿಗೆಯ ಪ್ರಶ್ನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ ನೋಡಿದರೆ, ಕರೆ ಮುದ್ರಣವಾಗುತ್ತಿದೆ ಎಂದು ಮೊದಲೇ ತಿಳಿಸುವುದೂ, ಬೇಕಿಲ್ಲದ ಮುದ್ರಣಗಳನ್ನು ಇಂತಿಷ್ಟು ತಿಂಗಳಿಗೆ ಅಳಿಸುವುದೂ ಸರಿಯಾದ ನಡೆ.

ಭದ್ರತೆಯಲ್ಲಿ ಸಣ್ಣವರೆಂಬ ರಿಯಾಯಿತಿ ಇಲ್ಲ. ಸಿಪ್‌ನ ವಾಡಿಕೆಯ 5060ನೇ ಪೋರ್ಟನ್ನು, ಅಂದರೆ ಅದರ ಸಂದೇಶಗಳು ಒಳಬರುವ ಬಾಗಿಲನ್ನು, ಹೊರಜಗತ್ತಿಗೆ ತೆರೆದಿಟ್ಟರೆ ತಾನಾಗಿ ಹುಡುಕುವ ಪ್ರೋಗ್ರಾಮುಗಳು ಬಹಳ ಬೇಗ ಬಂದು ಪಾಸ್‌ವರ್ಡ್ ಊಹಿಸತೊಡಗುತ್ತವೆ. 101 ಎಂಬ ಎಕ್ಸ್‌ಟೆನ್ಶನ್‌ಗೆ 101 ಎಂಬುದೇ ಪಾಸ್‌ವರ್ಡ್ ಆಗಿದ್ದರೆ, ಶನಿವಾರ ರಾತ್ರಿ ನಿಮ್ಮ ಲೈನಿನಿಂದ ಯಾವುದೋ ದ್ವೀಪದೇಶದ ದುಬಾರಿ ಸಂಖ್ಯೆಗಳಿಗೆ ಕರೆಗಳು ಹೋಗಿ ಸೋಮವಾರ ಬಿಲ್ ನಿಂತಿರುತ್ತದೆ. ಅದನ್ನು ಕಟ್ಟಬೇಕಾದವರು ನೀವೇ. ಹೊರದೇಶದ ಕರೆ ಬೇಕಿಲ್ಲದವರು ಅದನ್ನು ತಮ್ಮ ಎಕ್ಸ್‌ಚೇಂಜಿನಲ್ಲಷ್ಟೇ ಅಲ್ಲದೆ ಟ್ರಂಕ್ ಕೊಟ್ಟ ಕಂಪನಿಯಲ್ಲೂ ಬಂದ್ ಮಾಡಿಸಬೇಕು, ದಿನದ ಖರ್ಚಿಗೆ ಮಿತಿ ಹಾಕಿಸಬೇಕು. ಪಾಸ್‌ವರ್ಡ್‌ಗಳನ್ನು ಸಾಫ್ಟ್‌ವೇರೇ ಹುಟ್ಟಿಸಿದ ಉದ್ದನೆಯ ರೂಪದಲ್ಲೇ ಬಿಡಬೇಕು, ಅವನ್ನು ನೆನಪಿಡುವ ಅಗತ್ಯ ಯಾರಿಗೂ ಇಲ್ಲ.

ಬದಲಾವಣೆಯನ್ನು ಒಂದೇ ದಿನ ಮಾಡಬಾರದು. ಮೊದಲ ಎರಡು ವಾರ ಮೂರು ಎಕ್ಸ್‌ಟೆನ್ಶನ್ ಮತ್ತು ಹೊಸ ಸಂಖ್ಯೆಯೊಂದರಲ್ಲಿ ಮಾತ್ರ ನಡೆಸಿ, ಕ್ಯಾಮೆರಾಗಳು ಓಡುತ್ತಿರುವಾಗ, ಮಷೀನುಗಳ ಸದ್ದಿರುವಾಗ, ಕರೆಂಟ್ ಹೋದಾಗ ಮಾತು ಹೇಗಿರುತ್ತದೆ ಎಂದು ಗಿರಾಕಿಗಳನ್ನೇ ಕೇಳಬೇಕು. ಫೌಂಡ್ರಿಯ ಗದ್ದಲದಲ್ಲಿ ಸಾದಾ ಐಪಿ ಫೋನಿನ ರಿಂಗ್ ಕೇಳುವುದಿಲ್ಲ, ಅಲ್ಲಿಗೆ ದೀಪ ಮಿನುಗುವ ಗಂಟೆ ಬೇಕಾಗುತ್ತದೆ. ಆ ಬಳಿಕ ಹಳೆಯ ಸಂಖ್ಯೆಯನ್ನು ತಿರುಗಿಸಿ ಉಳಿದ ಮೇಜುಗಳನ್ನು ಒಂದೊಂದಾಗಿ ಸೇರಿಸಬಹುದು. ಗೋಡೆಯ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಕೊಡುವ ಮುನ್ನ ಅದರಿಂದ ಹೊರಟ ಪ್ರತಿ ತಂತಿ ಎಲ್ಲಿಗೆ ಹೋಗಿದೆ ಎಂದು ಹಿಡಿದು ನೋಡಿ, ಏಕೆಂದರೆ ಗೇಟಿನ ವಾಚ್‌ಮನ್‌ನ ಇಂಟರ್‌ಕಾಮ್, ಹಿಂದಿನ ಕೋಣೆಯ ಫ್ಯಾಕ್ಸ್, ಫೋನ್ ಲೈನಿನ ಮೇಲೆ ನಡೆಯುವ ಹಳೆಯ ಕಾರ್ಡ್ ಮಷೀನ್, ಲಿಫ್ಟಿನೊಳಗಿನ ತುರ್ತು ಫೋನ್ ಇವು ಯಾರ ಪಟ್ಟಿಯಲ್ಲೂ ಇರುವುದಿಲ್ಲ, ಮತ್ತು ಇವಕ್ಕೆ ಎಫ್‌ಎಕ್ಸ್‌ಎಸ್ ಕಿಂಡಿಯಿರುವ ಅಡಾಪ್ಟರ್ ಬೇಕಾಗುತ್ತದೆ.